ಬಾಯ್ಲರ್ ಅಕ್ಕ ಮತ್ತು ಅತ್ತೆಯ ಅಟ್ಟ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಬಾಯ್ಲರ್ ಅಕ್ಕ. ಅವಳಪ್ಪ ಒಂದು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಬೆಚ್ಚಗಿನ ಗೋಡೆಗೆ ಒರಗಿ ಪಾಠ ಓದಿಕೊಳ್ಳುತ್ತಿದ್ದಳು. ಆವಿಯ ಸದ್ದಿಗೆ ಎಷ್ಟೋ ಸಲ ನಿದ್ದೆಯೂ ಹೋಗಿದ್ದಳು. ದೊಡ್ಡವಳಾದ ಮೇಲೆ ಪರೀಕ್ಷೆ ಬರೆದು, ಬಾಯ್ಲರ್ ನಡೆಸುವ ಲೈಸೆನ್ಸ್ ತೆಗೆದುಕೊಂಡು, ಅಪ್ಪ ನಿವೃತ್ತನಾದಾಗ ಅವನ ಜಾಗದಲ್ಲೇ ಹೋಗಿ ನಿಂತಳು. ಹೆಣ್ಣುಮಗಳಿಗೆ ಯಾಕೆ ಈ ಮಸಿ ಕೆಲಸ ಎಂದು ಮೂಗು ಮುರಿದವರಿಗೆ ಅಪ್ಪ, "ಮನೇಲಿ ಒಲೆ ಮುಂದೆ ನಿಂತರೆ ಯಾರೂ ಕೇಳಲ್ಲ. ಇದು ಸ್ವಲ್ಪ ದೊಡ್ಡ ಒಲೆ ಅಂದ್ಕೊಳ್ಳಿ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವಳು ಮದುವೆಯಾಗಿ ಬಸ್ ಡ್ರೈವರನ ಮನೆ ತುಂಬಿದ ಕೆಲವು ವರ್ಷಗಳಿಗೆ ಆಸ್ಪತ್ರೆಯವರು ಬಟ್ಟೆಯನ್ನು ಹೊರಗೆ ಒಗೆಯಲು ಕೊಟ್ಟುಬಿಟ್ಟರು. ಬಾಯ್ಲರ್ ತಣ್ಣಗಾಯಿತು. ಆಗಲೇ ಊರಾಚೆ ಒಂದು ಹೊಸ ಕಾರ್ಖಾನೆ ಶುರುವಾಗಿತ್ತು. ಮನೆಮನೆಯ ಕಸದಲ್ಲಿ ಬರುವ ಪ್ಲಾಸ್ಟಿಕ್ ಕವರುಗಳನ್ನು ಮತ್ತೆ ಎಣ್ಣೆ ಮಾಡುವ ಕಾರ್ಖಾನೆ. ಅವಳು ಕೆಲಸ ಕೇಳಿಕೊಂಡು ಹೋದಾಗ ಮ್ಯಾನೇಜರು ಸುತ್ತಾಡಿಸಿ ತೋರಿಸಿದರು. ಕವರುಗಳನ್ನು ಸಣ್ಣಗೆ ಕತ್ತರಿಸಿ, ಗಾಳಿ ಸುಳಿಯದ ಉಕ್ಕಿನ ಪಾತ್ರೆಯೊಳಗೆ ತುಂಬಿ ಕಾಯಿಸುತ್ತಾರೆ. ಗಾಳಿಯೇ ಇಲ್ಲದ ಮೇಲೆ ಅದು ಉರಿಯುವುದಿಲ್ಲ. ಕರಗುತ್ತದೆ, ಒಡೆಯುತ್ತದೆ, ಆವಿಯಾಗುತ್ತದೆ. ಆ ಆವಿಯನ್ನು ತಣ್ಣಗೆ ಮಾಡಿದರೆ ಎಣ್ಣೆ. ಎಣ್ಣೆಯಾಗದೆ ಉಳಿದ ಅನಿಲವನ್ನು ಅದೇ ಪಾತ್ರೆಯ ಕೆಳಗೆ ಉರಿಸುತ್ತಾರೆ. ತಳದಲ್ಲಿ ಒಂದಿಷ್ಟು ಕಪ್ಪು ಪುಡಿ ಉಳಿಯುತ್ತದೆ. ಎಣ್ಣೆ ಮಾತ್ರ ಟ್ಯಾಂಕರಿನಲ್ಲಿ ದೂರದ ದೊಡ್ಡ ಕಾರ್ಖಾನೆಗೆ ಹೋಗಿ, ಅಲ್ಲಿ ಮತ್ತೆ ಪ್ಲಾಸ್ಟಿಕ್ ಆಗುತ್ತದೆ.

"ಹಳೇದನ್ನ ಕರಗಿಸಿ ಬಕೆಟ್ ಮಾಡ್ತಾರಲ್ಲ, ಹಾಗೇನಾ?" ಎಂದು ಅವಳು ಕೇಳಿದಳು.

"ಅಲ್ಲ. ಹಾಗೆ ಮಾಡ್ತಾ ಹೋದರೆ ಪ್ರತಿ ಸಲವೂ ಮಾಲು ಒಂದು ಮೆಟ್ಟಿಲು ಇಳಿಯುತ್ತೆ. ಇಲ್ಲಿ ಮೊದಲಿನ ಎಣ್ಣೆಗೇ ವಾಪಸ್ ಹೋಗ್ತೀವಿ. ಅದರಿಂದ ಮಾಡಿದ್ದು ಹೊಸದರ ಹಾಗೇ ಇರುತ್ತೆ" ಎಂದರು ಮ್ಯಾನೇಜರು.

ಕೆಲಸದವರು ಆ ಪಾತ್ರೆಯನ್ನು ಹಂಡೆ ಎನ್ನುತ್ತಿದ್ದರು. ಹಂಡೆ ಅವಳ ಪಾಲಿಗೆ ಬಂತು. ಆವಿಗಿಂತ ಇದರ ಸ್ವಭಾವ ಬೇರೆ. ಕಾವು ಸ್ವಲ್ಪ ಇಳಿದರೆ ಕೊಳವೆಯೊಳಗೆ ಮೇಣ ಕಟ್ಟಿಕೊಂಡು ಕೂರುತ್ತದೆ, ಏರಿದರೆ ಎಣ್ಣೆ ಕಡಿಮೆಯಾಗಿ ಅನಿಲ ಜಾಸ್ತಿಯಾಗುತ್ತದೆ. ಶುರುವಿನಲ್ಲಿ ಅವಳು ಎರಡನ್ನೂ ಕಂಡಳು, ಬೈಗುಳವನ್ನೂ ತಿಂದಳು. ಬರುಬರುತ್ತಾ ಕೈ ಕುದುರಿತು.

ಇತ್ತ ಮನೆಯಲ್ಲಿ ಅತ್ತೆಯದೊಂದು ಅಟ್ಟವಿತ್ತು. ಅತ್ತೆ ಜನ್ಮದಲ್ಲಿ ಒಂದು ಕವರ್ ಬಿಸಾಡಿದವರಲ್ಲ. ಹಾಲಿನದಿರಲಿ, ಬ್ರೆಡ್ಡಿನದಿರಲಿ, ಬಟ್ಟೆ ಅಂಗಡಿಯದಿರಲಿ, ತೊಳೆದು, ಬಟ್ಟೆಯ ಜೊತೆ ತಂತಿಯ ಮೇಲೆ ಒಣಗಿಸಿ, ತ್ರಿಕೋನಾಕಾರಕ್ಕೆ ಮಡಚಿ, ದೊಡ್ಡ ಕವರಿಗೆ ತುಂಬಿ ಅಟ್ಟಕ್ಕೆ ಏರಿಸುವರು. "ನಾನು ಚಿಕ್ಕವಳಾಗಿದ್ದಾಗ ಬೀದಿಗೊಂದು ಕವರ್ ಇರ್ತಿತ್ತು. ಹರಿಯಲ್ಲ, ಕೊಳೆಯಲ್ಲ. ಇಂಥದ್ದನ್ನ ಎಸೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ ನಿಮಗೆ?" ಎನ್ನುವುದು ಅವರ ವಾದ. ಸೊಸೆಗೆ ನಗು ಬರುತ್ತಿತ್ತು. ಆದರೆ ಎದುರಾಡುತ್ತಿರಲಿಲ್ಲ, ಎಸೆಯಬಾರದು ಎನ್ನುವುದರಲ್ಲಿ ಅತ್ತೆಗೂ ತನ್ನ ಕಾರ್ಖಾನೆಗೂ ಒಂದೇ ಮಾತು ತಾನೇ?

ಒಂದು ರಜೆಯ ಬೆಳಿಗ್ಗೆ ಗಂಡ ಸೂಟ್‌ಕೇಸ್ ತೆಗೆಯಲು ಅಟ್ಟಕ್ಕೆ ಕೈ ಹಾಕಿದ. ಗಂಟುಗಳೆಲ್ಲ ಸರಸರನೆ ಜಾರಿ ಅವನ ಮೇಲೆ ಬಿದ್ದವು. ಹೆಂಡತಿ ಓಡಿಬಂದು ನೋಡಿದರೆ ಎದೆಮಟ್ಟದ ಕವರುಗಳ ನಡುವೆ ಅವನು ಸ್ಟೂಲಿನ ಮೇಲೆ ಕಂಬದಂತೆ ನಿಂತಿದ್ದ.

"ಅಮ್ಮ, ನೀನೇ ನಿರ್ಧಾರ ಮಾಡು. ಈ ಮನೇಲಿ ನಾನಿರಬೇಕೋ, ಇವಿರಬೇಕೋ?"

ಅತ್ತೆ ಸಾವಕಾಶವಾಗಿ ಯೋಚಿಸಿದರು. "ನೀನು ಬೆಳಿಗ್ಗೆ ಹೋದರೆ ರಾತ್ರಿ ಬರ್ತೀಯ. ಇವು ಯಾವಾಗಲೂ ಕೈಗೆ ಸಿಗ್ತವೆ."

ಸೊಸೆ ನಗು ತಡೆದುಕೊಂಡು, "ಅತ್ತೆ, ಇವನ್ನ ನಮ್ಮ ಹಂಡೆಗೆ ಕೊಡಿ. ಎಸೆದ ಹಾಗಾಗಲ್ಲ. ಬೇಕಾದರೆ ನೀವೇ ಬಂದು ನೋಡಿ" ಎಂದಳು.

ಅತ್ತೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಆದರೆ ನೋಡುವುದರಲ್ಲಿ ಗಂಟೇನು ಹೋಗುತ್ತದೆ ಎಂದು ಮರುದಿನ ಸೊಸೆ ಕೆಲಸಕ್ಕೆ ಹೊರಟಾಗ ಮೂಟೆಗಳ ಜೊತೆ ಆಟೋ ಹತ್ತಿದರು. ಕಾರ್ಖಾನೆಯ ಗೇಟಿನಲ್ಲಿ ಮೂಟೆಗಳನ್ನು ಇಳಿಸಿಕೊಂಡರು. ಒಳಗೆ ಬೇರೆ ಯಾರದೋ ಕವರುಗಳು ಬೆಲ್ಟಿನ ಮೇಲೆ ಏರಿ ಹೋಗುತ್ತಿದ್ದವು. ಸೊಸೆ ಆವಿ ತಣಿಸುವ ಕೊಳವೆಯ ತುದಿಯಿಂದ ಒಂದು ಗಾಜಿನ ಲೋಟಕ್ಕೆ ಎಣ್ಣೆ ಹಿಡಿದು ತೋರಿಸಿದಳು. ಜೇನಿನ ಬಣ್ಣ, ಸೀಮೆಎಣ್ಣೆಯ ಘಾಟು. ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನೋಡಿದ್ದು ಸೊಸೆಯನ್ನು: ತಲೆಗೆ ಹೆಲ್ಮೆಟ್ಟು, ಮುಖದ ಮೇಲೆ ಬೆವರು, ಕಣ್ಣು ಮಾತ್ರ ಮೀಟರಿನ ಮೇಲೆ. ವಾಪಸ್ ಬರುವಾಗ ಒಂದೇ ಮಾತು ಹೇಳಿದರು. "ಇಷ್ಟು ದೊಡ್ಡದನ್ನ ನೀನೊಬ್ಬಳೇ ಆಡಿಸ್ತೀಯ ಅಂತ ಗೊತ್ತಿರಲಿಲ್ಲ ಕಣೇ."

ಆ ಮೂಟೆಗಳ ಸರದಿ ಬಂದ ದಿನವೇ ಎಡವಟ್ಟಾಯಿತು. ಹಂಡೆ ಕಾವೇರುತ್ತಿದ್ದಂತೆ ಮೂಗಿಗೆ ಚುಚ್ಚುವ, ಕಣ್ಣು ಉರಿಸುವ ವಾಸನೆ ಹಬ್ಬಿತು. ಆಮ್ಲದ ಅಳತೆ ತೋರಿಸುವ ದೀಪ ಕೆಂಪಾಯಿತು. ಅವಳು ತಕ್ಷಣ ಉರಿ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿದಳು. ತಣಿದ ಮೇಲೆ ಕತ್ತರಿಸುವ ಯಂತ್ರ ಬಿಚ್ಚಿ ನೋಡಿದರೆ ಹಲ್ಲಿನ ಸಂದಿಯಲ್ಲಿ ಕೆಂಪು ರೆಕ್ಸಿನ್ ಚೂರುಗಳು, ಮೇಲೆ ಹಳದಿ ಹೂವು. ಅವಳಿಗೆ ತಕ್ಷಣ ಗುರುತು ಸಿಕ್ಕಿತು. ಅದು ಅವರದೇ ಮನೆಯ ಹಳೆಯ ಊಟದ ಮೇಜಿನ ಹಾಸು, ಅತ್ತೆ ಅದನ್ನೂ ಕವರುಗಳ ಜೊತೆ ಮಡಚಿಟ್ಟಿದ್ದರು. ಆ ಜಾತಿಯ ಪ್ಲಾಸ್ಟಿಕ್ ಕಾದರೆ ಆಮ್ಲ ಬಿಡುತ್ತದೆ, ಉಕ್ಕನ್ನೇ ತಿನ್ನುತ್ತದೆ. ಒಂದು ಕೊಳವೆ ಆಗಲೇ ಕೆಟ್ಟಿತ್ತು. ಬದಲಾಯಿಸುವ ತನಕ ಹಂಡೆ ಬಂದ್.

ಅವಳು ನೇರವಾಗಿ ಮ್ಯಾನೇಜರ ಮುಂದೆ ಹೋಗಿ ನಿಂತಳು. "ಇದು ನಮ್ಮ ಮನೇದು ಸರ್. ನಮ್ಮತ್ತೆ ಕೊಟ್ಟ ಮೂಟೇಲಿ ಬಂದಿದೆ. ಬಿಚ್ಚಿ ನೋಡಬೇಕಿತ್ತು, ನಾನು ನೋಡಲಿಲ್ಲ."

ಮ್ಯಾನೇಜರ ಮುಖ ಗಂಟಿಕ್ಕಿತ್ತು. ಆದರೂ ಹೇಳಿದರು: "ಬೆಲ್ಟಿನ ಹತ್ತಿರ ಆರಿಸೋಕೆ ಅಂತಾನೇ ಜನ ಇದ್ದಾರೆ, ಅವರ ಕಣ್ಣಿಗೂ ಬೀಳಲಿಲ್ಲ. ಎಲ್ಲಾ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ. ನೀವು ಉರಿ ನಿಲ್ಲಿಸಿದ್ದಕ್ಕೆ ಒಂದೇ ಕೊಳವೆಗೆ ಮುಗೀತು."

ಅತ್ತೆಗೆ ಹೇಳುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಮುಚ್ಚಿಟ್ಟರೆ ಇನ್ನೊಂದು ಮೂಟೆಯಲ್ಲಿ ಇನ್ನೊಂದು ಹಾಸು ಬಂದೀತು. ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ರಾತ್ರಿ ಅತ್ತೆ ಅರ್ಧ ಊಟಕ್ಕೇ ತಟ್ಟೆ ಸರಿಸಿದರು. ಮಗ ಸಮಾಧಾನಕ್ಕೆಂದು, "ಹೋಗಲಿ ಬಿಡಮ್ಮ, ನಿನಗೇನು ಗೊತ್ತು" ಎಂದ. ಅದೇ ಮಾತು ಅವರನ್ನು ಚುಚ್ಚಿತೇನೋ. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಗೆ ಕಂಡುಹಿಡಿಯೋದು? ನನಗೆ ಹೇಳಿಕೊಡು."

"ಪೂರ್ತಿ ಗೊತ್ತಾಗಬೇಕಾದರೆ ಯಂತ್ರ ಬೇಕು ಅತ್ತೆ. ಮನೇಲಾದರೆ ಒಂದು ಉಪಾಯ ಇದೆ. ಒಂದು ಚೂರು ಕತ್ತರಿಸಿ ನೀರಲ್ಲಿ ಅದ್ದಿ. ತೇಲಿದ್ದು ನಮ್ಮ ಹಂಡೆಗೆ. ಮುಳುಗಿದ್ದು ಬೇಡ, ಬೇರೆ ಇಡಿ. ನೀರಿನ ಬಾಟಲಿಯ ಚೂರೂ ಮುಳುಗುತ್ತೆ, ಆ ಬಾಟಲಿಗಳನ್ನ ಬೇರೆ ಕಡೆ ತಗೋತಾರೆ."

ಆ ಸಂಜೆ ಡ್ರೈವರ್ ಡ್ಯೂಟಿ ಮುಗಿಸಿ ಬಂದು ಬಚ್ಚಲುಮನೆಗೆ ಹೋದರೆ ಬಕೆಟ್ಟಿನ ತುಂಬ ಬಾಚಣಿಗೆ ತುಂಡು, ಶಾಂಪೂ ಬಾಟಲಿಯ ಮುಚ್ಚಳ, ಚಪ್ಪಲಿಯ ಪಟ್ಟಿ ಎಲ್ಲ ಈಜಾಡುತ್ತಿದ್ದವು. "ಮುಟ್ಟಬೇಡ, ಪರೀಕ್ಷೆ ನಡೀತಿದೆ" ಎಂದು ಒಳಗಿನಿಂದ ಅಮ್ಮನ ದನಿ ಬಂತು. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಾ ಕುಳಿತ.

ಮನೆ ಮುಗಿದ ಮೇಲೆ ಅಕ್ಕಪಕ್ಕದವರ ಸರದಿ. ಅತ್ತೆ ಜಗಲಿಯ ಮೇಲೆ ಬಕೆಟ್ ಇಟ್ಟುಕೊಂಡು ಕೂರತೊಡಗಿದರು. ಎದುರುಮನೆಯ ದರ್ಜಿ ಮೊದಮೊದಲು ತಮಾಷೆ ಮಾಡಿದ. ಆಮೇಲೆ ಅವನೇ ಬಟ್ಟೆ ಬರುವ ಕವರುಗಳನ್ನು ಹೊತ್ತುಕೊಂಡು ಬಂದು, "ನೋಡಿ ಅಜ್ಜಿ, ಎಲ್ಲ ತೇಲುವ ಮಾಲು" ಎಂದ. ಅತ್ತೆ ಅವನ ಮಾತು ನಂಬದೆ ಒಂದೊಂದನ್ನೂ ಅದ್ದಿಯೇ ಒಳಗೆ ತೆಗೆದುಕೊಂಡರು. ವಾರಕ್ಕೊಮ್ಮೆ ಕಾರ್ಖಾನೆಯ ವ್ಯಾನು ಆ ಬೀದಿಗೂ ಬರತೊಡಗಿತು. ಆ ಬೀದಿಯ ಮೂಟೆಗಳನ್ನು ಬಿಚ್ಚುವಾಗ ಬೆಲ್ಟಿನವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದೊಂದು ದಿನ ಮ್ಯಾನೇಜರು ಸೊಸೆಯ ಕೈಯಲ್ಲಿ ಒಂದು ಬಿಳಿ ಡಬ್ಬಿ ಕಳಿಸಿದರು. ಎಣ್ಣೆ ಕೊಂಡ ಕಾರ್ಖಾನೆ ಮಾಡಿದ್ದು, ಊಟ ಹಾಕಿಡಬಹುದಾದಷ್ಟು ಶುದ್ಧ.

"ಇದು ನನ್ನ ಕವರಿಂದಾನೇ ಆಗಿದ್ದಾ?" ಎಂದು ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಸೊಸೆಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹಾಗಂತ ಹೇಳೋಕಾಗಲ್ಲ ಅತ್ತೆ. ಅಲ್ಲಿ ನಮ್ಮ ಎಣ್ಣೇನ ಬೇರೆ ಎಣ್ಣೆ ಜೊತೆ ಬೆರೆಸ್ತಾರೆ. ನಮ್ಮದು ಸ್ವಲ್ಪಾನೇ."

"ಸರಿ ಬಿಡು. ತೊಟ್ಟಿಗೆ ನಾಲ್ಕು ಜನ ನೀರು ಹೊತ್ತು ಹಾಕಿದ ಮೇಲೆ ನನ್ನ ಕೊಡದ ನೀರು ಯಾವುದು ಅಂತ ಹುಡುಕ್ತಾ ಕೂರೋಕಾಗುತ್ತಾ?" ಎಂದರು ಅತ್ತೆ. ಡಬ್ಬಿಯನ್ನು ಚೆನ್ನಾಗಿ ತೊಳೆದು, ಮರುದಿನ ಅದರಲ್ಲೇ ಸೊಸೆಗೆ ಊಟ ಕಟ್ಟಿದರು.

ಆ ವರ್ಷ ಕಾರ್ಖಾನೆಗೆ ಎರಡನೇ ಹಂಡೆ ಬಂತು. ಅದರ ಹೊಣೆಯೂ ಬಾಯ್ಲರ್ ಅಕ್ಕನಿಗೇ ಬಿತ್ತು. ಹೊಸ ಹಂಡೆ ಹಳೆಯದಕ್ಕಿಂತ ಹಟಮಾರಿ, ಇನ್ನೂ ಪಳಗಬೇಕು ಎಂದು ಅವಳು ಮನೆಯಲ್ಲಿ ಹೇಳುತ್ತಿರುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಬೇಸರವೇನೂ ಕಾಣುವುದಿಲ್ಲ.