ಅಡಿಪಂಪಿನ ಅತ್ತೆ

ಪಂಪಿಗೆ ಕೈಹಾಕುವ ಮುಂಚೆ ಅತ್ತೆ ಗಾಜಿನ ಬಳೆಗಳನ್ನೆಲ್ಲ ಮೊಣಕೈ ಹತ್ತಿರಕ್ಕೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಅವು ಒತ್ತಿದ ಕೆಂಪು ಗೆರೆಗಳು ಮಧ್ಯಾಹ್ನದವರೆಗೂ ಕೈಮೇಲೆ ಉಳಿದಿರುತ್ತಿದ್ದವು. ನನಗೆ ಸಂಬಂಧಿಕರೇನಲ್ಲ, ಮಹಡಿ ಮನೆಯವರು. ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಅಡುಗೆಗಿದ್ದರು. ಇಡೀ ವಠಾರಕ್ಕೆ ಅವರು ಅತ್ತೆ.

ನಾನು ಹುಬ್ಬಳ್ಳಿಯಿಂದ ಚೆನ್ನೈನ ಗಿಂಡಿಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ, ಮದುವೆಯಾದ ಹೊಸತರಲ್ಲಿ. ತಮಿಳು ಒಂದಕ್ಷರ ಬಾರದು. ಅಂಗಳದ ಕೈಪಂಪಿಗೆ ಅಲ್ಲಿ ಅಡಿಪಂಪು ಎನ್ನುತ್ತಾರೆ. ಅದರ ಸಾಲಿನಲ್ಲಿ ಕೆಳಮನೆಯಾಕೆ ನನ್ನ ಕೊಡ ಹಿಂದೆ ಸರಿಸಿದಳೆಂದು ಇಬ್ಬರಿಗೂ ಜಗಳ ಹತ್ತಿಕೊಂಡಿತು. ಆಕೆ ತಮಿಳಿನಲ್ಲಿ ಬೈದಳು, ನಾನು ಕನ್ನಡದಲ್ಲಿ. ಬೈಗುಳ ತಿಳಿಯದಿದ್ದರೂ ಸಿಟ್ಟು ಮಾತ್ರ ಸರಿಯಾಗಿಯೇ ಬಂತು. ಆಮೇಲೆ ನನಗೆ ಅಂಗಳವೂ ಬೇಡ, ಊರೂ ಬೇಡ. ವರ್ಗ ಮಾಡಿಸಿಕೊಳ್ಳಿ, ಇಲ್ಲವೇ ನನ್ನನ್ನು ತವರಿಗೆ ಕಳಿಸಿ ಎಂದು ಬ್ಯಾಂಕಿನಿಂದ ಬಂದ ಗಂಡನ ಮುಂದೆ ದಿನಾ ಅಳುತ್ತಿದ್ದೆ.

ಆ ಬೇಸಿಗೆಯಲ್ಲಿ ನೀರು ಆಳಕ್ಕಿಳಿದು ಹಿಡಿಕೆ ಒಬ್ಬರ ಕೈಗೆ ಬಗ್ಗದಾಯಿತು. ಇಬ್ಬರು ಅಕ್ಕಪಕ್ಕ ನಿಂತು ಹೊಡೆಯಲೆಂದು ಮನೆಯೊಡೆಯ ಅದರ ತುದಿಗೆ ಅಡ್ಡ ಸರಳು ಹಾಕಿಸಿದ. ಯಾರಿಗೆ ಯಾರು ಜೋಡಿ ಎಂದು ಗೊತ್ತುಮಾಡುವವರು ಅತ್ತೆ. ಮಾತು ಬಿಟ್ಟವರನ್ನೇ ಹುಡುಕಿ ನಿಲ್ಲಿಸುವುದು ಅವರ ಚಾಳಿ. ಜೊತೆಗೆ ಬಗ್ಗಿ ಎದ್ದವರಲ್ಲಿ ಸಿಟ್ಟು ಬಹಳ ದಿನ ನಿಲ್ಲದು ಎಂಬುದು ಅವರ ನಂಬಿಕೆ. ಒಣಗಿದ ಸೀರೆ ಮಡಿಸಲಿಕ್ಕೂ ಮೆಟ್ಟಿಲಲ್ಲಿ ಹೋಗುವವರನ್ನು ಕರೆದು ಒಂದು ತುದಿ ಹಿಡಿಸುತ್ತಿದ್ದರು. ನನ್ನನ್ನು ಕೆಳಮನೆಯಾಕೆಯ ಪಕ್ಕಕ್ಕೇ ನಿಲ್ಲಿಸಿದರು.

"ನಾ ಆಕಿ ಜೋಡಿ ಮಾತಾಡಂಗಿಲ್ರೀ," ಎಂದೆ.

"ಮಾತು ಯಾರಿಗೆ ಬೇಕು ಮಾರಾಯ್ತಿ? ಒಟ್ಟಿಗೆ ಬಗ್ಗು, ಒಟ್ಟಿಗೆ ಏಳು. ತಣ್ಣಿ ತಾನೇ ಬರ್ತದೆ."

ನೀರಿಗೆ ತಣ್ಣಿ ಎನ್ನುವಷ್ಟು ತಮಿಳು ಅವರ ಕನ್ನಡದಲ್ಲಿ ಬೆರೆತಿತ್ತು. ಅದನ್ನೇ ಆಕೆಗೂ ತಮಿಳಿನಲ್ಲಿ ಹೇಳಿದರು. ಮೊದಮೊದಲು ನಾನು ಒತ್ತಿದರೆ ಆಕೆ ಎತ್ತುತ್ತಿದ್ದಳು. ಅರ್ಧ ಏರಿದ ನೀರು ಗೊಳಗೊಳ ಎಂದು ಕೆಳಗೇ ಇಳಿಯುತ್ತಿತ್ತು. ಅತ್ತೆ ಪಕ್ಕದಲ್ಲಿ ನಿಂತು ಹೂಂ, ಹೂಂ ಎಂದು ತಾಳ ಕೊಟ್ಟರು. ನಮ್ಮ ಉಸಿರು ಯಾವಾಗ ಕೂಡಿತೋ ಕಾಣೆ. ಕೊಡ ತುಂಬಿ ಹರಿಯುತ್ತಿದ್ದರೂ ಇಬ್ಬರೂ ಬಗ್ಗಿ ಏಳುತ್ತಲೇ ಇದ್ದೆವು. ಅತ್ತೆ ನಕ್ಕರು, ಆಕೆ ನಕ್ಕಳು, ನನಗೂ ತಡೆಯಲಾಗಲಿಲ್ಲ. ಮರುದಿನ ಆಕೆ ಮೊದಲು ನನ್ನ ಕೊಡವನ್ನೇ ಪಂಪಿನಡಿ ಇಟ್ಟಳು. ವರ್ಗದ ಮಾತು ನನಗೇ ಮರೆತುಹೋಯಿತು.

ಕೆಲವು ವರ್ಷಗಳ ಮೇಲೆ ಅತ್ತೆ ನಿದ್ದೆಯಲ್ಲೇ ಹೋದರು. ಅಷ್ಟರಲ್ಲಿ ವಠಾರಕ್ಕೆ ಮೋಟಾರು ಬಂದು ಅಡಿಪಂಪು ತುಕ್ಕು ಹಿಡಿದಿತ್ತು. ಆ ಬೆಳಿಗ್ಗೆ ಕರೆಂಟಿರಲಿಲ್ಲ. ಅವರಿಗೆ ಸ್ನಾನ ಮಾಡಿಸಲು ನೀರಿಲ್ಲ. ಗಂಡಸರು ಟ್ಯಾಂಕರಿಗೆ ಫೋನು ಮಾಡುತ್ತಿದ್ದರು. ಕೆಳಮನೆಯಾಕೆ ನನ್ನ ಕೈಹಿಡಿದು ಅಂಗಳಕ್ಕೆ ಕರೆತಂದಳು. ಪಂಪಿನ ಬಾಯಿಗೆ ಒಂದು ಚೊಂಬು ನೀರು ಹೊಯ್ದು, ಬಳೆಗಳನ್ನು ಮೇಲೇರಿಸಿಕೊಂಡಳು. ನಾನೂ ಏರಿಸಿಕೊಂಡೆ. ಬಹಳ ಹೊತ್ತು ಬರೀ ಗಾಳಿ. ಆಕೆ ಹೂಂ ಎಂದಳು, ಥೇಟ್ ಅತ್ತೆಯ ಹಾಗೆ. ಅಳುತ್ತ ಬಗ್ಗಿದೆವು, ಅಳುತ್ತ ಎದ್ದೆವು. ನೀರು ಬಂತು. ಆ ಕೊಡವನ್ನು ಇಬ್ಬರೂ ಆಚೀಚೆ ಹಿಡಿದು, ಒಂದು ಹನಿ ತುಳುಕಿಸದೆ ಅವರ ಮಹಡಿಗೆ ಹತ್ತಿಸಿದೆವು.