ಸಿಂದಗಿಯ ರಾಕ್ ಶೋ ಮತ್ತು ಮುಗಿಯದ ಸತ್ಕಾರ

ಕಳೆದ ವಾರ ನಮ್ಮ ಹೈಸ್ಕೂಲ್ ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬಳು ಕಡ್ಡಿ ಗೀರಿದಳು. 'ನೀವು ನೋಡಿದ ಬೆಸ್ಟ್ ಲೈವ್ ರಾಕ್ ಕನ್ಸರ್ಟ್ ಯಾವುದು? ಎಲ್ಲರೂ ಬರೀರಿ.' ಸಾಮಾನ್ಯವಾಗಿ ಈ ಗ್ರೂಪಿನಲ್ಲಿ ಚರ್ಚೆಯಾಗುವುದು ಮೊಣಕಾಲು ನೋವು ಮತ್ತು ಹೊಸ ಮಿಕ್ಸರ್. ಆದರೂ ಮುಂಬೈಯವಳು ಒಂದು ಸ್ಟೇಡಿಯಂ ಹೆಸರು ಬರೆದಳು. ದುಬೈಯವಳು ಫೋಟೊ ಹಾಕಿದಳು. ಅದರಲ್ಲಿ ಸ್ಟೇಜ್ ಕಾಣುತ್ತಿರಲಿಲ್ಲ, ಇವಳೇ ಕಾಣುತ್ತಿದ್ದಳು.

ನಾನು ಬರೆದೆ: 'ಸಿಂದಗಿ. ಟ್ರ್ಯಾಕ್ಟರ್ ಶೋರೂಮ್ ಓಪನಿಂಗ್.'

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ.

ನನಗೆ ರಾಕ್ ಗೊತ್ತಿಲ್ಲ ಅಂದುಕೊಳ್ಳಬೇಡಿ. ಪುಣೆಯಲ್ಲಿ ಓದುತ್ತಿದ್ದ ಅಣ್ಣನ ಮಗಳು ಸೃಷ್ಟಿ ಒಮ್ಮೆ ನನ್ನನ್ನು ದೊಡ್ಡ ಕನ್ಸರ್ಟಿಗೇ ಕರೆದೊಯ್ದಿದ್ದಳು. ಕಾರ್ಯಕ್ರಮ ಬಯಲಿನಲ್ಲಿ ಅಂದಳು. ಬಯಲು ಅಂದಮೇಲೆ ಜಮಖಾನೆ ಬೇಡವೇ? ರೊಟ್ಟಿ ಬುತ್ತಿ ಬೇಡವೇ? ಬುತ್ತಿಯನ್ನು ಗೇಟಿನವರು ಬಿಡಲಿಲ್ಲ, ಜಮಖಾನೆಯನ್ನು ಬಿಟ್ಟರು. ಸ್ಟೇಜಿನ ಎದುರಿಗೇ ಹಾಸಿ ಕುಳಿತೆ. ಇಷ್ಟು ಒಳ್ಳೆಯ ಜಾಗದಲ್ಲಿ ಎಲ್ಲರೂ ನಿಂತೇ ಇದ್ದಾರಲ್ಲ ಅಂತ ಪುಣೆ ಮಂದಿಯ ಬುದ್ಧಿಗೆ ಮರುಗಿದೆ. ಮೊದಲ ಹಾಡಿಗೆ ಎಲ್ಲರೂ ಜಿಗಿಯತೊಡಗಿದರು. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೆ ನಾನು ನೋಡಿದ್ದು ಬರೀ ಮೊಣಕಾಲುಗಳನ್ನು.

ಸೃಷ್ಟಿ ಮಾತ್ರ ಅಲ್ಲಿ ಡ್ರಮ್ ಹುಚ್ಚು ಹಚ್ಚಿಕೊಂಡಳು. ಡಿಗ್ರಿ ಮುಗಿಸಿ ತಾಳಿಕೋಟೆಗೆ ಬರುವಾಗ ಡ್ರಮ್ ಸೆಟ್ಟನ್ನೂ ಹೊತ್ತು ತಂದಳು. ನಮ್ಮಣ್ಣ ತೊಗರಿ ವ್ಯಾಪಾರಿ. ಕೆಳಗೆ ರೈತರ ಮಾಲು ಮಾರಿಸಿಕೊಡುವ ಅವನ ಅಡತಿ ಅಂಗಡಿ, ಮೇಲೆ ಮನೆಯಲ್ಲಿ ಇವಳ ಡ್ರಮ್. ಇವಳು ಶುರು ಮಾಡಿದರೆ ಕೆಳಗಿನ ರೈತರು ಗುಡುಗು ಅಂದುಕೊಂಡು ಚೀಲಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು.

ಅಣ್ಣನಿಗೆ ಸಾಕಾಗಿ ಹೋಯಿತು. ಅಷ್ಟರಲ್ಲಿ ಸೃಷ್ಟಿಯ ಬ್ಯಾಂಡಿಗೆ (ಇವಳು ಮತ್ತು ವಿಜಯಪುರದ ಮೂವರು ಹುಡುಗರು) ಸಿಂದಗಿಯ ಶೋರೂಮಿನಿಂದ ಕರೆ ಬಂತು. ಅಣ್ಣ ಕರಾರು ಹಾಕಿದ.

'ನಾನೂ ಬರ್ತೇನಿ. ಒಂದ್ ಹಾಡು ಪೂರ್ತಿ ಕೇಳ್ತೇನಿ. ಮನಸಿಗಿ ಸೇರಿತಂದ್ರ ಇರ್ಲಿ. ಸೇರಲಿಲ್ಲಂದ್ರ ಮರುದಿನಾನ ಆ ಡ್ರಮ್ ಮನಿಯಿಂದ ಹೊರಗ.'

'ಪೂರ್ತಿ ಕೇಳ್ಬೇಕ್ರಿ ಅಪ್ಪಾಜಿ. ನಡುವ ಎದ್ದು ಹೋಗಂಗಿಲ್ಲ' ಎಂದಳು ಸೃಷ್ಟಿ.

'ಮಾತಂದ್ರ ಮಾತು.'

ಒಂದು ಹಾಡು. ಅದರಲ್ಲೇನು ಕಷ್ಟ ಅಂತೀರಾ? ನಮ್ಮ ಕಡೆಯ ಮಂದಿ ನಿಮಗೆ ಗೊತ್ತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಯೇ ಹೋಗಿ, ಸತ್ಕಾರವಿಲ್ಲದೆ ಯಾವ ಕಾರ್ಯಕ್ರಮವೂ ಇಲ್ಲ. ಶಾಲು, ಹಾರ, ತಲೆಗೆ ರುಮಾಲು. ಬಂದವರಿಗೆ ಸತ್ಕಾರ, ಬರುತ್ತೇನೆ ಅಂದವರಿಗೆ ಸತ್ಕಾರ. ಇನ್ನು ಯಾರಾದರೂ ನಮ್ಮ ಮನಸ್ಸಿಗೆ ಬಂದುಬಿಟ್ಟರೆ ಮುಗಿಯಿತು, ಕೊನೆಯವರೆಗೆ ಕಾಯುವ ತಾಳ್ಮೆ ನಮಗಿಲ್ಲ. ಹಾಡುತ್ತಿರುವಾಗಲೇ ಹೋಗಿ ಹೊದಿಸುತ್ತೇವೆ.

ಶೋರೂಮಿನ ಮುಂದೆ 'ಲೈವ್ ರಾಕ್ ಶೋ' ಅಂತ ದೊಡ್ಡ ಬ್ಯಾನರ್. ಅದರ ತುಂಬ ಊರ ಹಿರಿಯರು, ಮಾಲೀಕರ ಅಣ್ಣತಮ್ಮಂದಿರು, ಕೂಲಿಂಗ್ ಗ್ಲಾಸ್ ಹಾಕಿದ ಒಂದು ಕೂಸು. ಬ್ಯಾಂಡಿನವರ ಫೋಟೊ ಕೆಳಗಿನ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು. ಸಂಜೆ ಮೊದಲ ಹಾಡು ಶುರುವಾಯಿತು. ಪಲ್ಲವಿ ಮುಗಿದು ಜೋರು ಹಿಡಿಯುವ ಹೊತ್ತಿಗೆ ನಿರೂಪಣೆಯ ಮಾಸ್ತರರು ಮೈಕಿಗೆ ಬಂದರು.

'ಒಂಚೂರು ತಡೀರಿ ತಮ್ಮಾ! ಝಳಕಿ ಗೌಡ್ರು ಈಗ ಬಂದಾರ. ಸತ್ಕಾರ ಮಾಡೂಣು.'

ಹಾಡು ನಿಂತಿತು. ಗೌಡರಿಗೆ ಶಾಲು ಬಿತ್ತು. ಜೊತೆಗೆ ಬಂದವರಿಗೂ ಬಿತ್ತು. ಅಣ್ಣ ನನ್ನ ಕಡೆ ಬಾಗಿದ.

'ಹಾಡು ಮುಗೀತೇನು?'

'ಇಲ್ಲಣ್ಣ.'

'ಹಂಗಾರ ಇದು ಲೆಕ್ಕಕ್ಕ ಹಿಡ್ಯಾಂಗಿಲ್ಲ.' (ವ್ಯಾಪಾರಿ ನೋಡಿ. ತೂಕದಲ್ಲಿ ಮೋಸವಿಲ್ಲ.)

ಎರಡನೆಯ ಹಾಡಿನಲ್ಲಿ ಗಿಟಾರಿನ ಹುಡುಗ ಕಣ್ಣು ಮುಚ್ಚಿ, ಮಂಡಿಯೂರಿ, ಹಿಂದಕ್ಕೆ ವಾಲಿ ಬಾರಿಸತೊಡಗಿದ. ಮುಂದಿನ ಸಾಲಿನಲ್ಲಿದ್ದ ಹೂವಿನ ಹಿಪ್ಪರಗಿಯ ಅಜ್ಜರೊಬ್ಬರಿಗೆ ಅದು ಎಷ್ಟು ಸೇರಿತೆಂದರೆ ಸೀದಾ ಸ್ಟೇಜ್ ಹತ್ತಿ ಅವನ ಕೊರಳಿಗೆ ಸೇವಂತಿ ಹಾರ ಹಾಕಿದರು. ಹಾರ ಜಾರಿ ತಂತಿಗಳೊಳಗೆ ಸಿಕ್ಕಿಕೊಂಡಿತು. ಗಿಟಾರ್ ಗಪ್‌ಚುಪ್. ಜನ ಹಾಡೇ ಮುಗಿಯಿತೆಂದು ಚಪ್ಪಾಳೆ ಹೊಡೆದರು.

'ಮುಗೀತೇನು?'

'ಇಲ್ಲಣ್ಣ, ಹಾರ ಸಿಕ್ಕೊಂಡೈತಿ.'

ಡ್ರಮ್ ಹಿಂದೆ ಸೃಷ್ಟಿಯ ಮುಖ ಸಪ್ಪಗಾಗಿತ್ತು. ಸಾಲದ್ದಕ್ಕೆ ಮಾಸ್ತರರು ಮತ್ತೆ ಮೈಕ್ ಹಿಡಿದಿದ್ದರು. 'ಇದ ಕಡೀ ಹಾಡ್ರಿ. ಊಟ ತಯಾರ್ ಐತಿ.' ಊಟ ತಯಾರಿದೆ ಅಂದಮೇಲೆ ನಮ್ಮೂರ ಕಡೆ ಯಾರು ರಾಕ್ ಕೇಳುತ್ತಾರೆ? ಇದೂ ಅರ್ಧಕ್ಕೆ ನಿಂತರೆ ಅಣ್ಣ ಮತ್ತೊಮ್ಮೆ ಬರುವ ಪೈಕಿ ಅಲ್ಲ.

ಮೂರನೆಯ ಹಾಡಿನ ನಡುವೆ ಮೂವರೂ ಹುಡುಗರು ಸುಮ್ಮನಾಗಿ ಪಕ್ಕಕ್ಕೆ ಸರಿದರು. ಸೃಷ್ಟಿ ಒಬ್ಬಳೇ. ಮೊದಲು ಮೆಲ್ಲಗೆ, ಜೋಳ ಕೇರಿದ ಹಾಗೆ. ಆಮೇಲೆ ಕೈ ಎಲ್ಲಿದೆ, ಕೋಲು ಎಲ್ಲಿದೆ ತಿಳಿಯದಂತೆ ಬಾರಿಸಿದಳು. ಊಟಕ್ಕೆ ಎದ್ದವರು ನಿಂತಲ್ಲೇ ನಿಂತರು. ಪಕ್ಕಕ್ಕೆ ನೋಡಿದರೆ ಅಣ್ಣನ ಎಡಗಾಲು ತಾನಾಗಿಯೇ ಕುಣಿಯುತ್ತಿತ್ತು.

ಅಷ್ಟರಲ್ಲಿ ಶೋರೂಮ್ ಮಾಲೀಕರು ಶಾಲು ಹಿಡಿದು ಎದ್ದರು. 'ಏನ್ ಬಾರಸ್ತಾಳಪಾ ಹುಡುಗಿ! ಸತ್ಕಾರ ಮಾಡ್ಬೇಕ!' ಅವರ ಹಿಂದೆ ರುಮಾಲು ಹಿಡಿದ ಗೌಡರು. ಅವರ ಹಿಂದೆ ಇನ್ನೊಂದು ಹಾರ ಹಿಡಿದ ಹಿಪ್ಪರಗಿ ಅಜ್ಜ. (ಅದೆಲ್ಲಿಂದ ತಂದರೋ!) ಸ್ಟೇಜಿನ ಮೆಟ್ಟಿಲಿಗೆ ಪಾಳಿ ಹಚ್ಚಿ ಸಾಲಾಗಿ ನಿಂತರು. ಆ ಶಾಲು ಬಿದ್ದರೆ ಅವಳ ಕೈ ಕಟ್ಟಿದಂತೆ.

ತನ್ನ ಮದುವೆಯಲ್ಲೂ ಅವಸರ ಮಾಡದ ನಮ್ಮಣ್ಣ ಓಡಿದ. ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಚಾಚಿದ.

'ಯಾರೂ ಮ್ಯಾಲ ಹೋಗಂಗಿಲ್ಲ!'

'ಅಲ್ರಿ ಸಾವಕಾರ್ರ, ನಿಮ್ಮ ಮಗಳಿಗೇ ಸತ್ಕಾರ…' ಎಂದರು ಮಾಲೀಕರು.

'ಆಮ್ಯಾಲ ಮಾಡ್ರಿ! ಸೇರಿತೋ ಇಲ್ಲೋ ನಾನ ಇನ್ನೂ ಹೇಳಿಲ್ಲ. ಮೊದ್ಲ ಪೂರ್ತಿ ಕೇಳಾಕ ಬಿಡ್ರಿ!'

ಬೇರೆ ಉಪಾಯವಿಲ್ಲದೆ ಪಾಳಿಯಲ್ಲಿದ್ದವರೆಲ್ಲ ಶಾಲು ಹಾರ ಹಿಡಿದುಕೊಂಡೇ ಕೇಳಿದರು. ಮಗಳಿಗೆ ಬೆನ್ನು ಮಾಡಿ ನಿಂತಿದ್ದ ಅಣ್ಣನಿಗೆ ಅವಳ ಕೈಚಳಕ ಒಂದಿಷ್ಟೂ ಕಾಣಲಿಲ್ಲ. ಬರೀ ಕೇಳಿಸಿತು. ಹುಡುಗರು ಮತ್ತೆ ಕೂಡಿಕೊಂಡರು. ಹಾಡು ಮುಗಿಯಿತು. ಪೂರ್ತಿ ಮುಗಿಯಿತು! ನಾನು ಕುರ್ಚಿಯ ಮೇಲೆ ನಿಂತು ಸಿಳ್ಳೆ ಹೊಡೆದೆ. (ವಯಸ್ಸು ಕೇಳಬೇಡಿ.)

ಇತ್ತ ಪಾಳಿಯವರಿಗೆ ತಡೆಯಲಾಗಲಿಲ್ಲ. ಕೈ ಚಾಚಿ ನಿಂತಿದ್ದ ಅಣ್ಣನಿಗೇ ಶಾಲು ಹೊದಿಸಿ, ರುಮಾಲು ಸುತ್ತಿ, ಹಾರ ಹಾಕಿಬಿಟ್ಟರು. ಸತ್ಕಾರ ಯಾರಿಗಾದರೂ ಆಗಲೇಬೇಕಲ್ಲ?

ಸೃಷ್ಟಿ ಬೆವರು ಒರೆಸುತ್ತ ಇಳಿದು ಬಂದು ಮದುಮಗನಂತೆ ನಿಂತಿದ್ದ ಅಪ್ಪನನ್ನು ನೋಡಿದಳು.

'ಸೇರಿತೇನ್ರಿ ಅಪ್ಪಾಜಿ?'

ಅಣ್ಣ ರುಮಾಲು ಸರಿಮಾಡಿಕೊಂಡ. 'ಹಂಗ ಒಮ್ಮಿಗೇ ಹೆಂಗ್ ಹೇಳೋದು? ಈ ಮಂದಿ ಗದ್ದಲದಾಗ ನೋಡಾಕರೆ ಎಲ್ಲಿ ಬಿಟ್ರು? ಇನ್ನೊಮ್ಮೆ ಕೇಳ್ಬೇಕು.'

ಡ್ರಮ್ ಇನ್ನೂ ಮನೆಯಲ್ಲೇ ಇದೆ. ಅಣ್ಣ ದಿನಾ ಅಂಗಡಿ ಮುಚ್ಚಿದ ಮೇಲೆ ಮೇಲೆ ಹೋಗಿ, ಕುರ್ಚಿ ಎಳೆದುಕೊಂಡು ಕುಳಿತು, 'ಬಾರ್ಸು ನೋಡೂಣು, ಇನ್ನೂ ವಿಚಾರ ಮಾಡಾಕತ್ತೇನಿ' ಎನ್ನುತ್ತಾನಂತೆ. ತೀರ್ಪು ಮಾತ್ರ ಇಂದಿಗೂ ಬಂದಿಲ್ಲ.

ಸೇರಿತು ಅಂತ ಬಾಯಿಬಿಟ್ಟು ಹೇಳಲಾರದ ಅಪ್ಪಂದಿರಿಗೆ ಮಕ್ಕಳು ಇನ್ನೂ ಎಷ್ಟು ಸಲ ಬಾರಿಸಿ ತೋರಿಸಬೇಕು, ಹೇಳಿ?