ಗೋವಿಂದಪ್ಪನ ಗುಂಡು

ಬಂದೂಕಿನ ವಿಷಯದಲ್ಲಿ ನನ್ನ ಅನುಭವ ದೀಪಾವಳಿಯ ಕೇಪಿನ ಪಿಸ್ತೂಲಿಗೇ ಮುಗಿದುಹೋಯಿತು. ಆದರೂ ದೂರದ ಗುರಿಗೆ ಯಾವ ಕ್ಯಾಲಿಬರಿನ ರೈಫಲ್ ಒಳ್ಳೆಯದು ಎಂದು ನೀವು ಕೇಳಿದರೆ ಗಂಟೆಗಟ್ಟಲೆ ಕೊರೆಯಬಲ್ಲೆ. ಇದು ಕಲಿತ ವಿದ್ಯೆಯಲ್ಲ, ಷಡ್ಡಕನ ದೆಸೆಯಿಂದ ಅಂಟಿದ ಪೀಡೆ.

ಷಡ್ಡಕನೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ ಗೋವಿಂದಪ್ಪ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದಾನೆ. ನನಗಿಂತ ಹಿರಿಯ, ಮೊದಲು ಬಹುವಚನ ಕೊಡುತ್ತಿದ್ದೆ, ಕ್ಯಾಲಿಬರ್ ಶುರುವಾದ ಮೇಲೆ ವಾಪಸು ತೆಗೆದುಕೊಂಡೆ. ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆ ಎಂದು ಅವನು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದ. ಹಂದಿ ಮರೆತುಹೋಯಿತು, ಕ್ಯಾಲಿಬರ್ ಉಳಿಯಿತು. ಕ್ಯಾಲಿಬರ್ ಎಂದರೆ ಗುಂಡಿನ ದಪ್ಪ, ಅಷ್ಟೇ. ಅಷ್ಟಕ್ಕೆ ಪ್ರತಿ ಭಾನುವಾರ ಹಿಂದೂಪುರದ ನನ್ನ ಮನೆಗೆ ಫೋನು.

“ಆರೂವರೆ ತಗಳ್ಳಾ, ಮುನ್ನೂರ ಎಂಟು ತಗಳ್ಳಾ?”

ಒಂದು ಬಸ್ಸಿನ ಹೊತ್ತು, ಇನ್ನೊಂದು ಲಾಡ್ಜಿನ ರೂಮು ಎಂದು ನನ್ನ ಹೆಂಡತಿ ಬಹಳ ದಿನ ತಿಳಿದಿದ್ದಳು. ಆರೂವರೆ ಮಿಲಿಮೀಟರಿನದು ತೆಳ್ಳಗೆ ಉದ್ದ, ಗಾಳಿಯನ್ನು ಸೀಳಿಕೊಂಡು ಹೋಗುತ್ತದಂತೆ. ಮುನ್ನೂರ ಎಂಟು ದಪ್ಪ, ಭುಜಕ್ಕೆ ಒದೆಯುತ್ತದೆ, ಗಾಳಿಗೆ ಹೆಚ್ಚು ಸರಿಯುತ್ತದೆ, ಆದರೆ ನಳಿಗೆ ಬಹುಕಾಲ ಬಾಳುತ್ತದಂತೆ.

“ಬೆಳುಗುಪ್ಪ ಕಡೆ ಗಾಳಿ ನೋಡಿದೀಯೇನಪ್ಪ? ಆ ಫ್ಯಾನು ತಿರುಗೋದು ನೋಡ್ರೆ ಆರೂವರೇನೇ ಗತಿ.”

ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದವರು ಕರೆಂಟಿಗಲ್ಲ, ಇವನ ಗುಂಡಿಗೆ ಗಾಳಿ ಅಳೆಯಲು ನಿಲ್ಲಿಸಿದರೇನೋ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇವನು ಕುಲಾವಿಯ ದಾರದ ನಂಬರಿಗೆ ಜಗಳ ಕಾಯುವವನು. ನಾನೇನು ಸಾಚಾ ಅಲ್ಲ. ಓಡುವುದಕ್ಕೆಂದು ಮೂರು ತಿಂಗಳು ವಿಚಾರಿಸಿ ಕೊಂಡ ಬೂಟು ಈಗ ಹಾಲಿನ ಅಂಗಡಿಗೆ ಹೋಗಿಬರುತ್ತದೆ. ಆದರೆ ನನ್ನ ಬೂಟಿನಿಂದ ಯಾರೂ ಸಾಯುವುದಿಲ್ಲ.

ಇಷ್ಟೆಲ್ಲ ದೂರದ ಗುರಿಯ ಮಾತಾಡುವವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರ ಹತ್ತಿರ ಹೋಗು ಎಂದರೆ ಸಿಟ್ಟು. ಒಮ್ಮೆ ನಮ್ಮ ಮನೆಯಿಂದ ಹೊರಟವನು ಯಾವುದೋ ಬಸ್ಸು ಹತ್ತಿ ಸೋಮಂದೇಪಲ್ಲಿಯಲ್ಲಿ ಇಳಿದು, ಬೋರ್ಡಿನ ಅಕ್ಷರವೇ ಸಣ್ಣದು ಎಂದು ವಾದಿಸಿದ. ಕುಣಿಯಲಾರದವಳಿಗೆ ನೆಲ ಡೊಂಕು.

ಹೋದ ಮಳೆಗಾಲದಲ್ಲಿ ಅವನ ಹೊಲಕ್ಕೆ ಹೋಗಿದ್ದೆವು. ಆ ತುದಿಯಲ್ಲಿ ಏನೋ ಕರ್ರಗೆ ಬಗ್ಗಿ ಗಿಡ ಕೆದಕುತ್ತಿತ್ತು. ಗೋವಿಂದಪ್ಪ ಮಡಚಿದ ಛತ್ರಿಯನ್ನು ಭುಜಕ್ಕೊತ್ತಿ ಒಂದು ಕಣ್ಣು ಮುಚ್ಚಿದ.

“ಹಂದಿ. ಗಾಳಿ ಎಡಗಡೆಯಿಂದ ಬತ್ತಾ ಐತೆ. ಆರೂವರೆ ಇದ್ದಿದ್ರೆ ಇಷ್ಟೊತ್ಗೆ ಬಿದ್ದೋಗಿರೋದು.”

ಬುತ್ತಿ ಬಿಚ್ಚುತ್ತಿದ್ದ ಅವನ ಹೆಂಡತಿ ಲಕ್ಷ್ಮಕ್ಕ ತಲೆಯೆತ್ತಿ ನೋಡಿದರು. “ಅದು ಪಕ್ಕದ್ಮನೆ ರಾಜಮ್ಮ ಕಣ್ರಿ. ಕಂಬಳಿ ಕೊಪ್ಪೆ ಹಾಕ್ಕಂಡು ಕಳೆ ಕೀಳ್ತಾವ್ಳೆ.”

ನಗಲು ಹೊರಟವನಿಗೆ ನಿಜವಾಗಿ ಹೆದರಿಕೆಯಾಯಿತು. ಅರ್ಜಿ ಇನ್ನೂ ಕಚೇರಿಯಲ್ಲಿತ್ತು. ಯಾವ ದಿನ ಬೇಕಾದರೂ ಮಂಜೂರಾಗಬಹುದಿತ್ತು. ಲಕ್ಷ್ಮಕ್ಕ ಕದಿರಿ ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿದರು. “ನರಸಿಂಹಸ್ವಾಮಿ, ನನ್ ಮೊರೆ ಕೇಳು. ಗುಂಡು ಹೊಡೆಸ್ತೀನಿ.”

ನಮ್ಮ ಗಡಿಸೀಮೆಯಲ್ಲಿ ಈ ಗುಂಡಿನ ಗೊಂದಲ ಕ್ಯಾಲಿಬರಿಗಿಂತ ದೊಡ್ಡದು. ಬಂದೂಕಿನೊಳಗೆ ಹೋಗುವುದು ಗುಂಡು, ಸಂಜೆ ಗಂಟಲೊಳಗೆ ಇಳಿಯುವುದೂ ಗುಂಡು. ತೆಲುಗು ಬೆರೆತ ಬಾಯಲ್ಲಿ ಬೋಳಿಸಿದ ತಲೆಯೂ ಗುಂಡೇ. ಗೋವಿಂದಪ್ಪ ತನಗೆ ಬೇಕಾದದ್ದನ್ನು ಆರಿಸಿಕೊಂಡ.

“ನೋಡ್ದೇನಪ್ಪ? ಲೈಸೆನ್ಸ್ ಬರ್ಲಿ ಅಂತ ನಿಮ್ಮಕ್ಕಾನೇ ಹರಕೆ ಹೊತ್ಬುಟ್ಲು.” ಮತ್ತೆ ಹೆಂಡತಿಗೆ, “ಆಗ್ಲಿ ಕಣಮ್ಮ, ಹೊಡೆಸಾನ.”

ಲಕ್ಷ್ಮಕ್ಕ ಅವನನ್ನು ತಿದ್ದಲಿಲ್ಲ. “ಹಂಗಾದ್ರೆ ಮೊದ್ಲು ಕಣ್ಣು ತೋರಿಸ್ಕಳಿ. ಗುರಿ ಕಾಣ್ಬೇಕಲ್ಲ,” ಎಂದರು.

ಯಾರ ಮಾತಿಗೂ ಬಗ್ಗದವನು ಗುಂಡಿನ ಆಸೆಗೆ ಹಿಂದೂಪುರಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದು ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ಊರಿಗೆ ಹೋದ ಮೇಲಿನ ಭಾನುವಾರ ಫೋನು ಬಂತು. ಆರೂವರೆಯ ಮಾತಿಗೆ ಸಿದ್ಧನಾಗಿಯೇ ಎತ್ತಿಕೊಂಡೆ.

“ಹೊಲದ ತಾವ ಹೋಗಿದ್ದೆ ಕಣಪ್ಪ. ಅಷ್ಟು ದೂರಕ್ಕೂ ರಾಜಮ್ಮನ ಮುಖ ಕಾಣ್ತು. ನನ್ನ ನೋಡಿ ನಗ್ತಾ ಕೈ ಎತ್ತಿದ್ಲು.” ದನಿ ತಗ್ಗಿಸಿದ. “ಅವ್ಳ ಮೇಲೆ ನಾನು ಛತ್ರಿ ಗುರಿ ಇಟ್ಟಿದ್ದೆ.”

ಮಾರನೆಯ ದಿನ ತಾನೇ ಹೋಗಿ ಅರ್ಜಿ ವಾಪಸು ತೆಗೆದುಕೊಂಡ. ಆಮೇಲೆ ಲಕ್ಷ್ಮಕ್ಕ ಹರಕೆಯ ಅರ್ಥ ಬಿಡಿಸಿ ಹೇಳಿದರು: ಗಂಡನ ಬಂದೂಕಿನ ಹುಚ್ಚು ಬಿಟ್ಟರೆ ಗಂಡನದೇ ತಲೆ. ಹೊಡೆಸಾನ ಎಂದು ಅವನೇ ಒಪ್ಪಿಕೊಂಡಾಗಿತ್ತು, ಅದರ ಮೇಲೆ ದೇವರ ಮಾತು.

ಕದಿರಿಯಲ್ಲಿ ಅವನು ಕ್ಷೌರಿಕನ ಮುಂದೆ ತಲೆ ತಗ್ಗಿಸಿ ಕೂತಿದ್ದ. ನಾನು ಅವನ ಅಂಗಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬಹುವಚನ ಮತ್ತೆ ಕೊಡಬೇಕೆನ್ನಿಸಿತು. ಗೋವಿಂದಪ್ಪನವರು ಕಡೆಗೂ ಗುಂಡು ಹೊಡೆಸಿದರು. ಕ್ಯಾಲಿಬರ್ ಆರಿಸಿದ್ದು ಲಕ್ಷ್ಮಕ್ಕ.